ಡೈನೋಸಾರ್‌ಗೂ ವಿಳಾಸ ಕೇಳಿ

2021ರ ಆರಂಭದಲ್ಲಿ ಮಧ್ಯಪ್ರದೇಶದ ಭೀಮ್‌ಬೆಟ್ಕಾ ಇದ್ದಕ್ಕಿದ್ದಂತೆ ಸುದ್ದಿಗೆ ಬಂತು. ಆದಿಮಾನವರ ವರ್ಣಚಿತ್ರಗಳಿಗೆ ಹೆಸರಾದ ಅಲ್ಲಿನ ಕಲ್ಲಾಸರೆಯೊಂದರಲ್ಲಿ ಡಿಕಿನ್ಸೋನಿಯ ಎಂಬ ಜೀವಿಯ ಅಚ್ಚು ಕಂಡಿದೆ, ಅದರ ವಯಸ್ಸು ಸುಮಾರು 55 ಕೋಟಿ ವರ್ಷ ಎಂದು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಗ್ರೆಗರಿ ರೆಟಲ್ಯಾಕ್ ಮತ್ತು ಸಂಗಡಿಗರು ‘ಗೊಂಡ್ವಾನಾ ರಿಸರ್ಚ್’ ನಿಯತಕಾಲಿಕದಲ್ಲಿ ಬರೆದಿದ್ದರು. ಭೂಮಿಯ ಅತಿ ಹಳೆಯ ಪ್ರಾಣಿಗಳಲ್ಲಿ ಒಂದು ನಮ್ಮಲ್ಲೇ ಸಿಕ್ಕಿತೆಂದು ಪತ್ರಿಕೆಗಳೂ ಟಿವಿ ವಾಹಿನಿಗಳೂ ಸಂಭ್ರಮಿಸಿದವು. ಅದಾಗಿ ಎರಡು ವರ್ಷದೊಳಗೆ ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ಅವರ ತಂಡ ಅದೇ ಬಂಡೆಯ ಮುಂದೆ ನಿಂತು ನೋಡಿದಾಗ ಆ ‘ಪಳೆಯುಳಿಕೆ’ ಕಲ್ಲಿನಿಂದ ಸಿಪ್ಪೆಯಂತೆ ಕಳಚಿಕೊಳ್ಳುತ್ತಿತ್ತು. ಅದು ಹೆಜ್ಜೇನಿನ ಹಳೆಯ ಗೂಡು ಕೊಳೆತು ಬಿಟ್ಟುಹೋದ ಗುರುತು. ರೆಟಲ್ಯಾಕ್ ಕೂಡ ಅದನ್ನು ಒಪ್ಪಿಕೊಂಡರು.

ವಿಜ್ಞಾನಿಗಳನ್ನು ನಂಬಬೇಡಿ ಎನ್ನಲು ಈ ಕಥೆ ಹೇಳುತ್ತಿಲ್ಲ. ತಪ್ಪು ಹಿಡಿದವರೂ ವಿಜ್ಞಾನಿಗಳೇ. ಅವರು ಹಿಡಿಯಲು ಸಾಧ್ಯವಾದದ್ದು ಹೇಗೆ ಎಂಬುದನ್ನು ಗಮನಿಸಬೇಕು. ಮೊದಲ ಲೇಖನದಲ್ಲಿ ಗುರುತು ಯಾವ ಆಸರೆಯಲ್ಲಿದೆ, ಯಾವ ಶಿಲಾಪದರದ ಮೇಲಿದೆ ಎಂಬ ವಿವರ ಇತ್ತು. ಬೇಕಾದವರು ಹೋಗಿ ನೋಡಬಹುದಿತ್ತು, ಹೋದರು, ನೋಡಿದರು. ಪಳೆಯುಳಿಕೆ ಶಾಸ್ತ್ರದ ಮರ್ಯಾದೆ ನಿಂತಿರುವುದು ಈ ವಿಳಾಸದ ಮೇಲೆ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು, ಈಗ ಯಾವ ಸಂಗ್ರಹದಲ್ಲಿದೆ ಎಂದು ಹೇಳಲಾಗದ ಮೂಳೆ ಎಷ್ಟೇ ದೊಡ್ಡದಿದ್ದರೂ ಕುತೂಹಲದ ವಸ್ತುವಷ್ಟೇ.

ವಿಳಾಸ ಸುಳ್ಳಾದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಪಂಜಾಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿ.ಜೆ. ಗುಪ್ತಾ ಹಿಮಾಲಯದ್ದೆಂದು ಪ್ರಕಟಿಸಿದ ಪಳೆಯುಳಿಕೆಗಳಲ್ಲಿ ಹಲವು ಬೇರೆ ದೇಶಗಳಿಂದ ಬಂದವು ಎಂದು ಆಸ್ಟ್ರೇಲಿಯದ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಯಲು ಮಾಡಿದರು. ಅಮ್ಮೊನಾಯ್ಡ್ ಎಂಬ ಚಿಪ್ಪುಜೀವಿಗಳ ಕೆಲವು ಪಳೆಯುಳಿಕೆಗಳು ಮೊರಾಕೊ ದೇಶದಲ್ಲಿ ಮಾರಾಟಕ್ಕೆ ಸಿಗುವ ಮಾದರಿಗಳನ್ನೇ ಹೋಲುತ್ತಿದ್ದವು. ಅಷ್ಟರಲ್ಲಿ ಎರಡು ದಶಕಗಳ ಕಾಲ ಆ ಬರಹಗಳನ್ನು ನೆಚ್ಚಿಕೊಂಡು ಹಿಮಾಲಯದ ಭೂ-ಇತಿಹಾಸ ಬರೆದವರ ಶ್ರಮಕ್ಕೂ ಮಣ್ಣು ಬಿದ್ದಿತ್ತು.

ಇಂದು ಮೊಬೈಲಿನಲ್ಲಿ ‘ಡೈನೋಸಾರ್’ ಎಂದು ಹುಡುಕಿದರೆ ಬಂದು ಬೀಳುವ ಚಿತ್ರ, ವಿಡಿಯೊಗಳಿಗೆ ಲೆಕ್ಕವಿಲ್ಲ. ಕೃತಕ ಬುದ್ಧಿಮತ್ತೆ ಬಂದ ಮೇಲಂತೂ ಬೇಡಿದ ಮೃಗ ನಿಮಿಷದಲ್ಲಿ ತಯಾರು. ಅವುಗಳಲ್ಲಿ ಬಹುಪಾಲಿಗೆ ವಿಳಾಸವಿಲ್ಲ. ಅದೇ ಹೊತ್ತಿಗೆ, ಒಂದು ಕಾಲಕ್ಕೆ ಸಂಶೋಧಕರಿಗಷ್ಟೇ ದಕ್ಕುತ್ತಿದ್ದ ನಕ್ಷೆ, ದತ್ತಾಂಶ, ಮೂಲ ಲೇಖನಗಳು ಅದೇ ಮೊಬೈಲಿಗೆ ಬಿಡಿಗಾಸಿಲ್ಲದೆ ಬರುತ್ತಿವೆ. ಯಾವುದನ್ನು ತೆರೆಯಬೇಕು, ತೆರೆದು ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ ಸಾಕು.

ಮೊದಲು ಬೇಕಾದದ್ದು ಕಾಲದ ಪಟ್ಟಿ. ಅಂತಾರಾಷ್ಟ್ರೀಯ ಸ್ತರಶಾಸ್ತ್ರ ಆಯೋಗ ಭೂಮಿಯ ಸುಮಾರು 454 ಕೋಟಿ ವರ್ಷಗಳನ್ನು ಒಂದೇ ಪುಟದಲ್ಲಿ ಬಣ್ಣಬಣ್ಣದ ಮನೆಗಳಾಗಿ ವಿಂಗಡಿಸಿ ತನ್ನ ಜಾಲತಾಣದಲ್ಲಿ ಇಟ್ಟಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಡೈನೋಸಾರ್‌ಗಳ ಕಾಲವಾದ ಟ್ರಯಾಸಿಕ್, ಜುರಾಸಿಕ್, ಕ್ರಿಟೇಷಿಯಸ್ ಮೂರೂ ಅದರ ಮೇಲ್ಭಾಗದಲ್ಲೇ ಮುಗಿದುಹೋಗುತ್ತವೆ. ಹೊಸ ಅಳತೆ ಬಂದಂತೆ ಅಂಕಿಗಳು ಬದಲಾಗುವುದರಿಂದ ಪಟ್ಟಿ ಯಾವ ವರ್ಷದ್ದು ಎಂದು ನೋಡಿಕೊಳ್ಳಬೇಕು. ಇಂಗ್ಲಿಷ್ ತಾಣಗಳು ಕಾಲವನ್ನು ಮಿಲಿಯನ್‌ಗಳಲ್ಲಿ ಹೇಳುತ್ತವೆ. ಹತ್ತು ಮಿಲಿಯನ್ ನಮ್ಮ ಒಂದು ಕೋಟಿ. ಆದ್ದರಿಂದ 66 ಮಿಲಿಯನ್ ವರ್ಷವೆಂದರೆ 6.6 ಕೋಟಿ ವರ್ಷ. ಈ ಲೆಕ್ಕ ಜಾರಿ 66 ಕೋಟಿಯಾದರೆ, ನೆಲದ ಮೇಲೆ ಪ್ರಾಣಿಯೇ ಇಲ್ಲದ ಕಾಲಕ್ಕೆ ಡೈನೋಸಾರ್‌ಗಳು ಹೋಗಿ ಕೂರುತ್ತವೆ.

ಪಟ್ಟಿಯ ತುತ್ತತುದಿಯ ಮನೆಗೆ ಭಾರತದ ಹೆಸರಿದೆ. ನಾವೀಗ ಬದುಕುತ್ತಿರುವ ಅವಧಿಯನ್ನು 2018ರಲ್ಲಿ ‘ಮೇಘಾಲಯನ್’ ಎಂದು ಅಧಿಕೃತವಾಗಿ ಕರೆಯಲಾಯಿತು. ಸುಮಾರು 4,200 ವರ್ಷಗಳ ಹಿಂದೆ ಬಂದ ಭಾರಿ ಬರಗಾಲದ ಗುರುತು ಚಿರಾಪುಂಜಿ ಬಳಿಯ ಮಾವ್‌ಮ್ಲೂ ಗುಹೆಯ ಸುಣ್ಣಕಲ್ಲಿನ ಕಂಬವೊಂದರಲ್ಲಿ ಸ್ಪಷ್ಟವಾಗಿ ಸಿಕ್ಕಿತು. ಆ ಕಂಬವೇ ಅವಧಿಯ ಗಡಿಕಲ್ಲಾಯಿತು. ಪಟ್ಟಿಯ ಇಂಥ ಅನೇಕ ಗಡಿಗಳಿಗೆ ಲೋಕದ ಯಾವುದಾದರೊಂದು ಊರಿನ ನಿರ್ದಿಷ್ಟ ಬಂಡೆ ಸಾಕ್ಷಿಯಾಗಿದೆ. ಕಾಲಕ್ಕೂ ವಿಳಾಸ ಇದೆ ಎಂದಾಯಿತು.

ಕಾಲದ ನಂತರ ಜಾಗ. ಕ್ರಿಸ್ಟೊಫರ್ ಸ್ಕೊಟೀಸ್ ಎಂಬ ಭೂವಿಜ್ಞಾನಿ ಸಿದ್ಧಪಡಿಸಿದ ಪ್ರಾಚೀನ ನಕ್ಷೆಗಳನ್ನು ಬಳಸಿ ಇಯಾನ್ ವೆಬ್‌ಸ್ಟರ್ ಎಂಬ ತಂತ್ರಜ್ಞ ‘ಏನ್ಷಿಯಂಟ್ ಅರ್ಥ್’ ಎಂಬ ತಿರುಗುವ ಭೂಗೋಳ ಮಾಡಿದ್ದಾರೆ. ಅದರಲ್ಲಿ ಬೆಂಗಳೂರು ಎಂದು ಬರೆದು 6.6 ಕೋಟಿ ವರ್ಷ ಹಿಂದಕ್ಕೆ ಹೋದರೆ, ಭಾರತ ಏಷ್ಯಾಕ್ಕೆ ಇನ್ನೂ ಅಂಟದೆ ಸಮುದ್ರದ ನಡುವೆ ಒಂಟಿಯಾಗಿ ಉತ್ತರಕ್ಕೆ ಸಾಗುತ್ತಿರುವುದು ಕಾಣುತ್ತದೆ. ಇನ್ನೂ ಹಿಂದಕ್ಕೆ ಸರಿದರೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಒತ್ತಿಕೊಂಡಿದೆ. ಆ ಅಗಲಿಕೆಯ ಕಾಲದ ಲಾವಾ ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆರಿ ಕಂಬಗಳಾಗಿ ಸೀಳಿದ್ದನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಾಲಿಟ್ಟೇ ನೋಡಬಹುದು. ಭಾರತ ಮತ್ತು ಏಷ್ಯಾದ ನಡುವೆ ನಕ್ಷೆಯಲ್ಲಿ ಕಾಣುವ ನೀಲಿ ಹರವು ಟೆಥಿಸ್ ಸಮುದ್ರ. ಅದರ ತಳದ ಕೆಸರೇ ಮೇಲೆದ್ದು ಹಿಮಾಲಯದ ಭಾಗವಾಯಿತು. ನೇಪಾಳದ ಗಂಡಕಿ ನದಿಯಿಂದ ಬಂದು ನಮ್ಮ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಕೂತಿರುವ ಸಾಲಿಗ್ರಾಮದೊಳಗಿನ ಚಕ್ರ ಆ ಸಮುದ್ರದಲ್ಲಿ ಈಜಾಡಿದ ಅಮೊನೈಟ್ ಎಂಬ ಚಿಪ್ಪುಜೀವಿಯದು. ಡೈನೋಸಾರ್ ಎಲುಬು ಹುಡುಕುತ್ತ ಊರೂರು ಅಲೆಯಬೇಕು, ಅದರ ಸಮಕಾಲೀನ ಮಾತ್ರ ನಿತ್ಯ ಅಭಿಷೇಕ ಮಾಡಿಸಿಕೊಳ್ಳುತ್ತಿದೆ.

ಇಂಥ ಭೂಗೋಳಗಳು ಲೆಕ್ಕಾಚಾರದ ಮಾದರಿಗಳು, ಫೋಟೊಗಳಲ್ಲ. ಒಂದು ಊರಿನ ಸ್ಥಾನ ಬೇರೆ ಬೇರೆ ಮಾದರಿಗಳಲ್ಲಿ ಅಷ್ಟಿಷ್ಟು ಆಚೀಚೆ ಇರುತ್ತದೆ. ಇನ್ನೂ ಆಳಕ್ಕೆ ಇಳಿಯಬೇಕೆನ್ನುವ ಕಾಲೇಜು ವಿದ್ಯಾರ್ಥಿಗಳಿಗೆ ಸಿಡ್ನಿ ವಿಶ್ವವಿದ್ಯಾಲಯದ ತಂಡವೊಂದು ಬೆಳೆಸಿದ ‘ಜಿ-ಪ್ಲೇಟ್ಸ್’ ಎಂಬ ಉಚಿತ ತಂತ್ರಾಂಶವಿದೆ.

ಇನ್ನು ವಿಳಾಸಗಳ ಹೆಬ್ಬಂಡಾರ. ‘ಪೇಲಿಯೊಬಯಾಲಜಿ ಡೇಟಾಬೇಸ್’ ಎಂಬ ತಾಣವನ್ನು ನಾನಾ ದೇಶಗಳ ವಿಜ್ಞಾನಿಗಳು ಸೇರಿ ಕಟ್ಟಿದ್ದಾರೆ. ಪ್ರಕಟವಾದ ಪಳೆಯುಳಿಕೆ ವರದಿಗಳನ್ನು ಓದಿ, ಯಾವ ಜೀವಿ, ಯಾವ ಊರು, ಯಾವ ಶಿಲಾಪದರ, ಎಷ್ಟು ವಯಸ್ಸು, ಯಾರ ಲೇಖನ ಎಂಬುದನ್ನು ಒಂದೊಂದಾಗಿ ಅದರಲ್ಲಿ ತುಂಬುತ್ತಾರೆ. ಭೂಪಟದ ಮೇಲೆ ಅವೆಲ್ಲ ಚುಕ್ಕೆಗಳಾಗಿ ಮೂಡುತ್ತವೆ. ಚುಕ್ಕೆಯನ್ನು ಒತ್ತಿದರೆ ವಿವರ ಬಿಚ್ಚಿಕೊಳ್ಳುತ್ತದೆ. ಮಧ್ಯ ಮತ್ತು ಪಶ್ಚಿಮ ಭಾರತದ ಮೇಲೆ ಒತ್ತುತ್ತ ಹೋದರೆ ಜಬಲ್‌ಪುರ, ಗುಜರಾತಿನ ರಾಹಿಯೋಲಿ, ಮಹಾರಾಷ್ಟ್ರದ ಡೋಂಗರ್‌ಗಾಂವ್ ಹೀಗೆ ಭಾರತದ ಡೈನೋಸಾರ್ ಊರುಗಳು ಒಂದೊಂದೇ ಪರಿಚಯವಾಗುತ್ತವೆ. ರಾಹಿಯೋಲಿಯ ಎಲುಬುಗಳಿಂದ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಎಂಬ ಮಾಂಸಾಹಾರಿಗೆ ಹೆಸರಿಟ್ಟರು. ಗೋದಾವರಿ ಕಣಿವೆಯ ‘ಬಾರಾಪಾಸಾರಸ್ ಟಾಗೊರೈ’ ರವೀಂದ್ರನಾಥ ಟ್ಯಾಗೋರರ ಹೆಸರು ಹೊತ್ತಿದೆ. ಅದರ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಂತಿದೆ.

ಈ ಭೂಪಟವನ್ನು ಕಣ್ಣು ಮುಚ್ಚಿ ನಂಬುವಂತೆಯೂ ಇಲ್ಲ. ಯುರೋಪ್, ಉತ್ತರ ಅಮೆರಿಕ ಚುಕ್ಕೆಗಳಿಂದ ಕಿಕ್ಕಿರಿದಿವೆ. ಆಫ್ರಿಕ, ಭಾರತ ವಿರಳ. ನೋಡಿದವರಿಗೆ ಜೀವಿಗಳೆಲ್ಲ ಅಲ್ಲೇ ಇದ್ದವೇನೋ ಎನಿಸಬೇಕು. ನುಸೈಬಾ ರಾಜಾ, ಎಮ್ಮಾ ಡನ್ ಮತ್ತು ಪುಣೆಯ ಐಸರ್ ಸಂಸ್ಥೆಯ ದೇವಪ್ರಿಯಾ ಚಟ್ಟೋಪಾಧ್ಯಾಯ ಮೊದಲಾದವರು 2022ರ ಸುಮಾರಿಗೆ ಪ್ರಕಟಿಸಿದ ಅಧ್ಯಯನದ ಪ್ರಕಾರ, ಈಚಿನ ದಶಕಗಳ ಪಳೆಯುಳಿಕೆ ದತ್ತಾಂಶದಲ್ಲಿ ಶೇ 97ರಷ್ಟು ಬಂದಿರುವುದು ಶ್ರೀಮಂತ ಮತ್ತು ಮೇಲ್ಮಧ್ಯಮ ಆದಾಯದ ದೇಶಗಳ ಸಂಶೋಧಕರಿಂದ. ಖಾಲಿ ಜಾಗವೆಂದರೆ ಅಲ್ಲಿ ಜೀವಿ ಇರಲಿಲ್ಲ ಎಂದಲ್ಲ. ಹುಡುಕಿದವರು, ಹುಡುಕಲು ಹಣವಿದ್ದವರು ಕಡಿಮೆ ಎಂದು ಓದಿಕೊಳ್ಳಬೇಕು.

ಚುಕ್ಕೆಯಿಂದ ಮೂಲ ಲೇಖನಕ್ಕೆ ಹೋಗುವುದು ಮುಂದಿನ ಹೆಜ್ಜೆ. ‘ಪ್ಲಾಸ್’ ಸಮೂಹದ ಪತ್ರಿಕೆಗಳು, ‘ಸೈಂಟಿಫಿಕ್ ರಿಪೋರ್ಟ್ಸ್’, ‘ಪೇಲಿಯಂಟಲಾಜಿಯ ಎಲೆಕ್ಟ್ರಾನಿಕ’ ಇವೆಲ್ಲ ಓದುಗರಿಂದ ದುಡ್ಡು ಕೇಳುವುದಿಲ್ಲ. ಭಾರತದ ದೊಡ್ಡ ಶೋಧಗಳಲ್ಲಿ ಹಲವು ಇಂಥವುಗಳಲ್ಲೇ ಬಂದಿವೆ. ಪರಿಭಾಷೆಗೆ ಹೆದರಬೇಕಿಲ್ಲ. ಆರಂಭದ ಸಾರಾಂಶ, ಪಳೆಯುಳಿಕೆ ಸಿಕ್ಕ ಜಾಗದ ವಿವರ, ಚಿತ್ರಗಳ ಅಡಿಬರಹ ಇಷ್ಟನ್ನು ಓದಿದರೂ ಸುದ್ದಿಗಿಂತ ಹೆಚ್ಚು ಸಿಗುತ್ತದೆ.

ಒಂದು ಉದಾಹರಣೆ ಸಾಕು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಧನಂಜಯ ಮೊಹಬೆ 1980ರ ದಶಕದಲ್ಲಿ ಡೈನೋಸಾರ್ ಗೂಡೊಂದನ್ನು ಹೊರತೆಗೆದರು. ಮೊಟ್ಟೆಗಳ ಜತೆಗಿದ್ದ ಎಲುಬುಗಳೆಲ್ಲ ಮರಿ ಡೈನೋಸಾರ್‌ನವು ಎಂದೇ ಮೊದಲು ಭಾವಿಸಲಾಗಿತ್ತು. 2001ರಲ್ಲಿ ಅಮೆರಿಕದ ಜೆಫ್ರಿ ವಿಲ್ಸನ್ ಅದೇ ಕಲ್ಲನ್ನು ಪರೀಕ್ಷಿಸುವಾಗ ಹಾವಿನ ಬೆನ್ನೆಲುಬನ್ನು ಗುರುತಿಸಿದರು. ಸುಮಾರು ಮೂರೂವರೆ ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡು, ಹೊರಬಂದ ಮರಿಗೆ ಹೊಂಚು ಹಾಕಿದ್ದಾಗಲೇ ಮಣ್ಣಿನಡಿ ಹೂತುಹೋಗಿತ್ತು. 2010ರಲ್ಲಿ ಅದು ‘ಸನಾಜೆ ಇಂಡಿಕಸ್’ ಎಂಬ ಹೆಸರು ಪಡೆದು ‘ಪ್ಲಾಸ್ ಬಯಾಲಜಿ’ಯಲ್ಲಿ ಪ್ರಕಟವಾಯಿತು. ಮೂಳೆಗಳನ್ನು ಒಂದೊಂದಾಗಿ ಕಿತ್ತು ಹಂಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಉಳಿದದ್ದರಿಂದ ಇನ್ನೊಂದು ಜೊತೆ ಕಣ್ಣು ಬಂದು ಅದನ್ನು ಓದಿತು.

2023ರ ಆರಂಭದಲ್ಲಿ ‘ಪ್ಲಾಸ್ ಒನ್’ನಲ್ಲಿ ಬಂದ ಮತ್ತೊಂದು ಲೇಖನ ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳನ್ನೂ 256 ಮೊಟ್ಟೆಗಳನ್ನೂ ದಾಖಲಿಸಿತು. ಅದೇ ವರ್ಷದ ಕೊನೆಗೆ, ಅದೇ ಜಿಲ್ಲೆಯ ಪಾಡಲ್ಯ ಗ್ರಾಮದವರು ಹೊಲದಲ್ಲಿ ಸಿಕ್ಕ ದುಂಡುಕಲ್ಲುಗಳನ್ನು ಭೈರವನೆಂದು ತಲೆಮಾರುಗಳಿಂದ ಪೂಜಿಸುತ್ತ ಬಂದದ್ದು ಟೈಟನೊಸಾರ್ ಎಂಬ ಡೈನೋಸಾರ್‌ಗಳ ಮೊಟ್ಟೆಗಳನ್ನು ಎಂಬ ಸುದ್ದಿಯೂ ಬಂತು. ಸುದ್ದಿ ಓದಿ ನಕ್ಕವರು ಹಲವರು. ಆ ಪೂಜೆಯಿಂದಾಗಿಯೇ ಕಲ್ಲುಗಳು ಒಡೆಯದೆ, ಊರು ಬಿಡದೆ ಉಳಿದಿದ್ದವು ಎಂಬುದನ್ನು ಮರೆಯಬಾರದು.

ಹಳೆಯ ಪುಸ್ತಕಗಳ ಕಪಾಟೂ ತೆರೆದಿದೆ. ‘ಬಯೊಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ ಮತ್ತು ‘ಇಂಟರ್‌ನೆಟ್ ಆರ್ಕೈವ್’ಗಳಲ್ಲಿ 19ನೇ ಶತಮಾನದ ಸರ್ವೇಕ್ಷಣಾ ವರದಿಗಳು, ಕೈಯಲ್ಲಿ ಬಿಡಿಸಿದ ಪಳೆಯುಳಿಕೆ ಚಿತ್ರಗಳು ಪುಟಪುಟವಾಗಿ ಸಿಗುತ್ತವೆ. ಭಾರತದ ಮೊದಲ ಡೈನೋಸಾರ್ ಕಥೆಯನ್ನು ಇವುಗಳಿಂದಲೇ ಹೆಣೆದುಕೊಳ್ಳಬಹುದು. ಠಕ್ಕರ ಹಾವಳಿ ಅಡಗಿಸಿದನೆಂದು ಹೆಸರಾದ ವಿಲಿಯಂ ಸ್ಲೀಮನ್ 1828ರಲ್ಲಿ ಜಬಲ್‌ಪುರದ ದಿಬ್ಬವೊಂದರಲ್ಲಿ ಕಲ್ಲಾದ ಎಲುಬುಗಳನ್ನು ಆಯ್ದ. ‘ಡೈನೋಸಾರ್’ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ. ಕೈಯಿಂದ ಕೈಗೆ ದಾಟಿ ಕಲ್ಕತ್ತ ತಲುಪಿದ ಬಾಲದ ಎಲುಬುಗಳಿಗೆ ರಿಚರ್ಡ್ ಲೈಡೆಕರ್ 1877ರಲ್ಲಿ ‘ಟೈಟನೊಸಾರಸ್ ಇಂಡಿಕಸ್’ ಎಂದು ಹೆಸರಿಟ್ಟ. ಆಮೇಲೆ ಅವು ಕಣ್ಮರೆಯಾದವು. 2012ರಲ್ಲಿ ಕೋಲ್ಕತ್ತದ ಸರ್ವೇಕ್ಷಣೆಯ ಸಂಗ್ರಹದಲ್ಲೇ ಒಂದು ಎಲುಬು ಮತ್ತೆ ಸಿಕ್ಕಿತು. ಆ ಮರುಶೋಧದ ವರದಿ ಬಂದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ. ಅದರ ಹಳೆಯ ಸಂಚಿಕೆಗಳೂ ಜಾಲದಲ್ಲಿ ಉಚಿತ.

ಮಕ್ಕಳಿಗೆ ಇದೆಲ್ಲ ಒಮ್ಮೆಗೇ ಭಾರವಾದೀತು. ಅವರಿಗೆ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಮೂರು ಆಯಾಮದ ಮಾದರಿಗಳಿವೆ. ನಿಜವಾದ ಅಸ್ಥಿಗಳನ್ನು ಸ್ಕ್ಯಾನ್ ಮಾಡಿ ತಯಾರಿಸಿದ ಟ್ರೈಸೆರಾಟಾಪ್ಸನ್ನು ಪರದೆಯ ಮೇಲೆ ಬೆರಳಿನಿಂದ ತಿರುಗಿಸಿ ನೋಡಬಹುದು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತಾಣದಲ್ಲಿ ದೇಶವಾರು, ಕಾಲವಾರು ಡೈನೋಸಾರ್ ಪಟ್ಟಿ ಇದೆ. ಯೂಟ್ಯೂಬಿನ ‘ಪಿಬಿಎಸ್ ಇಯಾನ್ಸ್’ ಹತ್ತು ನಿಮಿಷದ ಕಂತುಗಳಲ್ಲಿ ಒಂದೊಂದು ಪ್ರಶ್ನೆ ಎತ್ತಿಕೊಳ್ಳುತ್ತದೆ. ಪಿಯುಸಿ ದಾಟಿದವರಿಗೆ ಕೆನಡದ ಆಲ್ಬರ್ಟಾ ವಿಶ್ವವಿದ್ಯಾಲಯದ ಫಿಲಿಪ್ ಕರಿ ಅವರ ‘ಡೈನೊ 101’ ಪಾಠಗಳು ಹೇಳಿ ಮಾಡಿಸಿದಂತಿವೆ.

ಕರ್ನಾಟಕದ ಓದುಗರು ಇಷ್ಟರಲ್ಲೇ ಕೇಳುತ್ತಾರೆ: ನಮ್ಮಲ್ಲಿ ಡೈನೋಸಾರ್ ಯಾಕಿಲ್ಲ? ಉತ್ತರಕ್ಕೆ ಸರ್ವೇಕ್ಷಣೆಯ ‘ಭೂಕೋಶ’ ತಾಣ ತೆರೆದು ನಿಮ್ಮ ತಾಲ್ಲೂಕಿನ ಶಿಲಾನಕ್ಷೆ ನೋಡಿ. ರಾಜ್ಯದ ಬಹುಪಾಲು ನೆಲ 250 ಕೋಟಿ ವರ್ಷಗಳಿಗೂ ಹಿಂದಿನ ಗಟ್ಟಿಶಿಲೆ. ಲಾಲ್‌ಬಾಗಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಓಡಾಡುವ ಹೊತ್ತಿಗೆ ಅದು ಆಗಲೇ ಮುದಿಬಂಡೆ. ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು 6.6 ಕೋಟಿ ವರ್ಷದ ಆಸುಪಾಸಿನದು, ಕಾಲ ಸರಿಯಾಗಿಯೇ ಇದೆ. ಆದರೆ ಅದು ಲಾವಾ. ಎಲುಬು ಉಳಿಯಲು ನದಿ, ಕೆರೆಗಳ ಕೆಸರು ಬೇಕು. ಲಾವಾ ಪದರಗಳ ನಡುವೆ ಅಲ್ಲಲ್ಲಿ ಸಿಕ್ಕಿಕೊಂಡ ತೆಳುವಾದ ಕೆರೆಗಸಿಯಲ್ಲಿ ದಖ್ಖಣದ ಹಲವೆಡೆ ಬಸವನಹುಳು, ಮೀನು, ಗಿಡಗಳ ಗುರುತುಗಳು ಸಿಕ್ಕಿವೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಸಮುದ್ರತಳದ ಕೆಸರೇ ಹೌದು, ಆದರೆ ಡೈನೋಸಾರ್‌ಗಳಿಗಿಂತ ಬಹಳ ಹಿಂದಿನದು.

ಡೈನೋಸಾರ್ ಇಲ್ಲವೆಂದು ಬೇಸರಪಡುವಂತೆ ಏನೂ ಇಲ್ಲ. ಶಿವಮೊಗ್ಗ ಜಿಲ್ಲೆಯ ಕುಂಸಿಯ ಸುತ್ತ, ಚಿತ್ರದುರ್ಗದ ಶಿಲಾಪಟ್ಟಿಯ ಉದ್ದಕ್ಕೂ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಆಳವಿಲ್ಲದ ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಬೆಳೆದು ಬಿಟ್ಟುಹೋದ ಸುಣ್ಣದ ಗುಪ್ಪೆಗಳು ಅವು. ವಯಸ್ಸು 250 ಕೋಟಿ ವರ್ಷಕ್ಕೂ ಮಿಕ್ಕಿ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬುಗಳಾಗಿ ಹೆಪ್ಪುಗಟ್ಟಿ ನಿಂತಿದೆ. ಲೋಕದಲ್ಲಿ ಡೈನೋಸಾರ್ ಸಿಗುವ ಊರುಗಳು ಬೇಕಾದಷ್ಟಿವೆ. ಭೂಮಿಯ ಇಷ್ಟು ಹಳೆಯ ಪುಟಗಳು ಬಯಲಲ್ಲಿ ಬಿದ್ದಿರುವ ನಾಡುಗಳು ಕಡಿಮೆ.

ಕನ್ನಡದಲ್ಲಿ ಓದಲು ಏನಿದೆ? ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ ಈಗ ಕನ್ನಡ ವಿಕಿಸೋರ್ಸ್‌ನಲ್ಲಿದೆ. ಭೂವಿಜ್ಞಾನದ ಬರಹಗಳು ಅದರಲ್ಲಿ ಸೊಗಸಾಗಿವೆ. ಆದರೆ 1969ರಿಂದ ಹೊರಬರತೊಡಗಿದ ಸಂಪುಟಗಳವು. ಡೈನೋಸಾರ್‌ಗಳ ಅಳಿವಿಗೆ ಕ್ಷುದ್ರಗ್ರಹದ ಹೊಡೆತ ಕಾರಣ ಎಂಬ ವಾದ ವಿಜ್ಞಾನಿಗಳಾದ ಆಲ್ವಾರೆಜ್ ತಂದೆ-ಮಗನಿಂದ ಬಂದದ್ದೇ 1980ರಲ್ಲಿ. ಆದ್ದರಿಂದ ಅಡಿಪಾಯಕ್ಕೆ ವಿಶ್ವಕೋಶ, ಹೊಸ ಸಂಗತಿಗೆ ಹೊಸ ಲೇಖನ ಎಂದು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಸರ್ವೇಕ್ಷಣೆಯಲ್ಲಿ ದುಡಿದ ಟಿ.ಆರ್. ಅನಂತರಾಮು ಅವರಂಥವರು ಕಲ್ಲು ಮಣ್ಣಿನ ವಿಜ್ಞಾನವನ್ನು ಕನ್ನಡದಲ್ಲಿ ಬರೆದಿದ್ದಾರೆ. ಜಾಲದಲ್ಲಿ ಮಾತ್ರ ಈ ವಿಷಯದ ಕನ್ನಡ ಇನ್ನೂ ತೀರ ತೆಳು. ಚಾಟ್‌ಬಾಟ್‌ಗಳನ್ನು ಕೇಳಿದರೆ ಕನ್ನಡದಲ್ಲೇ ಉತ್ತರ ಬರುತ್ತದೆ, ನಿಜ. ಆದರೆ ಇಲ್ಲದ ಲೇಖನಕ್ಕೂ ಅವು ಹೆಸರು ಕೊಡಬಲ್ಲವು. ಅವು ಹೇಳಿದ ಊರು, ಪದರ, ವರ್ಷಗಳನ್ನು ಮೇಲಿನ ತಾಣಗಳಲ್ಲಿ ತಾಳೆ ನೋಡದೆ ಬರೆದುಕೊಳ್ಳಬೇಡಿ.

ಹೊಲದಲ್ಲೋ ಕ್ವಾರಿಯಲ್ಲೋ ವಿಚಿತ್ರ ಗುರುತಿನ ಕಲ್ಲು ಕಂಡರೆ ಅದನ್ನು ಕಿತ್ತು ತರಬೇಡಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲೇ ಸ್ಥಳ ಗುರುತಿಸಿಕೊಳ್ಳಿ, ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಸರ್ವೇಕ್ಷಣೆಯ ಬೆಂಗಳೂರು ಕಚೇರಿಗೋ ತಿಳಿಸಿ. ಶಿಕ್ಷಕರಿಗೆ ಒಂದು ಮನವಿ: ಆ ಒಂದು ಪುಟದ ಕಾಲದ ಪಟ್ಟಿಯನ್ನು ಇಳಿಸಿಕೊಂಡು, ಹೆಸರುಗಳನ್ನು ಕನ್ನಡದಲ್ಲಿ, ವರ್ಷಗಳನ್ನು ಕೋಟಿಯಲ್ಲಿ ಮಕ್ಕಳಿಂದಲೇ ಬರೆಸಿ. ನಿಮ್ಮ ಊರಿನ ಗುಡ್ಡದ ಕಲ್ಲು ಅದರ ಯಾವ ಮನೆಗೆ ಸೇರುತ್ತದೆ ಎಂದು ಭೂಕೋಶ ನೋಡಿ ಗುರುತು ಹಾಕಿಸಿ. ಇದಕ್ಕೆ ಇಲಾಖೆಯ ಸುತ್ತೋಲೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಒಂದು ಡ್ರಾಯಿಂಗ್ ಶೀಟು, ಒಂದು ಮೊಬೈಲು, ಒಂದು ಶನಿವಾರ ಸಾಕು.